ಕಾಯಬಹುದು ಎಂದು ಬರೆದವಳು

ಮಾರ್ಚ್ 9, ಭಾನುವಾರ

ನನ್ನ ಚಿನಕುರುಳಿ ತಂಗಿಗೆ,

ಅಕ್ಕನ ನೆನಪುಗಳು. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯುವಷ್ಟು ಬೈದುಕೋ. ಕೆಲಸ ಹೆಚ್ಚಿತ್ತು ಎಂದುಕೋ. ಬರೆಯಲು ಕೂತರೆ ಕಾಲು ನಿಲ್ಲುವುದಿಲ್ಲ, ಎದ್ದು ಹೋಗಿ ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮಡಚುತ್ತೇನೆ. ನಿನ್ನ ಭಾವ ಅಂತೂ "ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಕೂತ್ಕೊಳ್ಳೇ, ನೋಡಿ ನೋಡಿ ನಂಗೇ ತಲೆ ಸುತ್ತುತ್ತೆ" ಎಂದು ಗೊಣಗುತ್ತಾರೆ.

ನೀನು ಕೇಳಿದ್ದು ಒಂದೇ ಮಾತು. ನಿನ್ನ ಕತ್ತಿನ ಗಂಟು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನಿಮ್ಮ ಡಾಕ್ಟರು ಔಷಧದ ಚೀಟಿ ಬರೆಯುವ ಬದಲು ನನ್ನ ಲೇಖನವನ್ನೇ ನಿನ್ನ ಮುಂದೆ ಹಿಡಿದರಂತೆ. "ಇದು ನಿಧಾನಕ್ಕೆ ಬೆಳೆಯೋ ಜಾತಿ. ತೊಂದ್ರೆ ಕೊಡೋವರೆಗೂ ಔಷಧಿ ಬೇಡ, ಕಣ್ಣಿಟ್ಟು ಕಾಯೋಣ. ನಿಮ್ಮಕ್ಕನೇ ಬರ್ದಿದಾರಲ್ಲಮ್ಮ!" ಅದಕ್ಕೆ ನೀನು ನನಗೆ ಬರೆದೆ: "ಲೇಖನದ ಮಾತು ಬಿಡು. ನಮ್ಮಕ್ಕ ಏನ್ ಹೇಳ್ತಾಳೆ? ಕಾಯ್ಲಾ, ಚಿಕಿತ್ಸೆ ಶುರು ಮಾಡಿಸ್ಲಾ?"

ಕಂಡವರ ಗಂಟುಗಳನ್ನೆಲ್ಲ ಮೈಕ್ರೋಸ್ಕೋಪಿನಡಿ ಇಟ್ಟು, ಕಾದವರು ಹೇಗಿದ್ದಾರೆ, ಕೂಡಲೇ ಔಷಧ ತೆಗೆದುಕೊಂಡವರು ಹೇಗಿದ್ದಾರೆ ಎಂದು ವರ್ಷಗಟ್ಟಲೆ ತೂಗಿ ನೋಡಿ, ಕೊನೆಗೆ "ಕಾಯಬಹುದು" ಎಂದು ಬರೆದವಳು ನಾನೇ. ಅದು ಅಚ್ಚಾದ ದಿನ ಪ್ರಯೋಗಾಲಯದಲ್ಲಿ ಕೇಕು ಕತ್ತರಿಸಿದೆವು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ, ನನ್ನ ಕಥೆ ಈಗ ಅದೇ.

ನಿನ್ನ ಗಂಟಿನ ಚೂರಿಟ್ಟ ಗಾಜಿನ ಸ್ಲೈಡನ್ನು ನಮ್ಮಲ್ಲಿಗೆ ತರಿಸಿಕೊಂಡೆ. ಈ ಜಾತಿಯಲ್ಲಿ ದೊಡ್ಡ ಜೀವಕೋಶಗಳು ಕಿಕ್ಕಿರಿದಿದ್ದರೆ ಕಾಯುವಂತಿಲ್ಲ, ಅಲ್ಲೊಂದು ಇಲ್ಲೊಂದು ಇದ್ದರೆ ಕಾಯಬಹುದು. ಆದರೆ ನಮ್ಮವರ ಸ್ಲೈಡಿಗೆ ನಾವೇ ವರದಿ ಕೊಡುವಂತಿಲ್ಲ, ಅದು ನಮ್ಮಲ್ಲಿನ ಪದ್ಧತಿ. ನಾವೆಲ್ಲ ದೊಡ್ಡಮ್ಮ ಎಂದೇ ಕರೆಯುವ ನನ್ನ ಮೇಲಧಿಕಾರಿ ನೋಡಿ "ಕಾಯಬಹುದು ಬಿಡು" ಎಂದರು. ನಾನು ಬಿಡಬೇಕಲ್ಲ! "ಸರಿಯಾಗಿ ನೋಡಿದ್ರಾ? ಅಂಚಲ್ಲೂ ನೋಡಿದ್ರಾ?" ಎಂದು ಅವರ ಬೆನ್ನು ಬಿದ್ದೆ. ಕಡೆಗೆ ಅವರಿಗೆ ರೇಗಿತು. "ನಿನ್ನ ಕಾಟ ತಡಿಯೋಕಾಗಲ್ಲ ಕಣೇ. ಕೂತ್ಕೋ" ಎಂದು ನಿನ್ನ ಸ್ಲೈಡನ್ನು ಬೇರೆಯವರ ಸ್ಲೈಡುಗಳ ಜೊತೆ ಕಲಸಿ, ಹೆಸರುಗಳ ಮೇಲೆಲ್ಲ ಕಾಗದ ಅಂಟಿಸಿ, ತಟ್ಟೆಯನ್ನು ನನ್ನ ಮುಂದೆ ತಳ್ಳಿದರು.

ಒಂದೊಂದೇ ನೋಡುತ್ತ ಬಂದೆ. ಕಾಯಬಹುದು, ಇದೂ ಕಾಯಬಹುದು. ಆಮೇಲೊಂದು ಬಂತು, ದೊಡ್ಡ ಕೋಶಗಳೇ ತುಂಬಿಕೊಂಡಿದ್ದವು. ಇದೇ ನಿನ್ನದು ಎಂದು ಖಾತ್ರಿಯಾಗಿಬಿಟ್ಟಿತು. "ನಾನು ಹೇಳ್ಲಿಲ್ವಾ? ಈಗ್ಲೇ ಫೋನ್ ಮಾಡ್ತೀನಿ ಅವಳಿಗೆ!" ಎಂದು ಅಳುತ್ತಲೇ ಎದ್ದೆ.

ದೊಡ್ಡಮ್ಮ ಕಾಗದ ಕಿತ್ತು ತೋರಿಸಿದರು. ಅದು ಯಾರದೋ, ಅವರಿಗೆ ಚಿಕಿತ್ಸೆ ಆಗಲೇ ಶುರುವಾಗಿದೆಯಂತೆ. ನಿನ್ನದು ನಾನು ಮೊಟ್ಟಮೊದಲು ನೋಡಿ, "ಪಾಪ, ಸಾಧು ಗಂಟು" ಎಂದು ಪಕ್ಕಕ್ಕಿಟ್ಟದ್ದು! "ನೋಡ್ದೆಯಾ? ತಂಗೀದು ಅಂತ ಗೊತ್ತಿಲ್ದಿದ್ರೆ ನೀನು ಒಳ್ಳೇ ಡಾಕ್ಟ್ರೇ" ಎಂದರು. ಹಿಗ್ಗಿ ನಕ್ಕುಬಿಟ್ಟೆ ಕಣೇ. ಆ ಇನ್ನೊಬ್ಬರಿಗೂ ಒಬ್ಬ ಅಕ್ಕ ಇರಬಹುದೆಂದು ಹೊಳೆದಾಗ ನಾಚಿಕೆಯಾಯಿತು.

ಆದ್ದರಿಂದ ನಿನ್ನ ಅಕ್ಕನ ಮಾತೂ ಅದೇ: ಕಾಯಿ. ಹೇಳಿದ ಹೊತ್ತಿಗೆ ತಪಾಸಣೆ ತಪ್ಪಿಸಬೇಡ. ಜ್ವರ ಬಂದರೆ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರಿದರೆ, ತೂಕ ಇಳಿದರೆ ಡಾಕ್ಟರ ಹತ್ತಿರ ಓಡು. ಉಳಿದಂತೆ ನಿನ್ನ ಹೊಲಿಗೆ ಅಂಗಡಿ ತೆರೆ, ಗಂಡನ ಜೊತೆ ಜಗಳವಾಡು. ನನಗೆ ಧೈರ್ಯವಿದೆ ಎಂದು ಮಾತ್ರ ಸುಳ್ಳು ಹೇಳಲಾರೆ. ಕಾದವರು ಎಷ್ಟು ವರ್ಷ ಬದುಕಿದರೆಂದು ಲೇಖನದಲ್ಲಿ ಬರೆದೆ, ಅವರ ಮನೆಯವರಿಗೆ ನಿದ್ದೆ ಬರುತ್ತಿತ್ತೇ ಎಂದು ಒಬ್ಬರನ್ನೂ ಕೇಳಲಿಲ್ಲ.

ನೂರು ಕಾಲ ಬಾಳು. ಅಷ್ಟೂ ಕಾಲ ನನ್ನನ್ನು ಗೋಳು ಹೊಯ್ದುಕೋ.

ನಿನ್ನ
ಅಕ್ಕ

ತಾ.ಕ.: ಕಾಗದ ತಡವಾದದ್ದು ಕೆಲಸದಿಂದಲ್ಲ. ಹೋದ ಸಲ ನೀನು ಬಂದಾಗ ಬಾಗಿಲಲ್ಲೇ ತಬ್ಬಿಕೊಂಡೆನಲ್ಲ, ನನ್ನ ಕೈ ತಾನಾಗಿಯೇ ನಿನ್ನ ಕತ್ತಿಗೆ ಹೋಗಿ ಗಂಟು ಬೆಳೆದಿದೆಯೇ ಎಂದು ಒತ್ತಿ ನೋಡಿತು. ನೀನು ಸರಕ್ಕನೆ ಹಿಂದೆ ಸರಿದು, "ಡಾಕ್ಟ್ರು ನಮ್ಮೂರಲ್ಲೂ ಇದಾರೆ. ನಾನು ಅಕ್ಕನ್ನ ನೋಡೋಕೆ ಬಂದೆ" ಎಂದೆ. ಆ ಮಾತು ಇನ್ನೂ ಚುಚ್ಚುತ್ತಿದೆ. ಮುಂದಿನ ತಿಂಗಳು ಬರುತ್ತೀಯಲ್ಲ, ನನ್ನ ಕೈಗಳ ಮೇಲೆ ನನಗೀಗಲೂ ನಂಬಿಕೆಯಿಲ್ಲ. ಬಾಗಿಲಲ್ಲಿ ಮೊದಲು ಅವೆರಡನ್ನೂ ನೀನೇ ಗಟ್ಟಿಯಾಗಿ ಹಿಡಿದುಕೊಂಡುಬಿಡು.