ಕೊನೆಯ ವರಸೆ ಕೊಟ್ಟ ಮೇಲೆ

ಚಿಕ್ಕ ಚಂದ್ರ ಮರೆಯಾಗಿ ದೊಡ್ಡ ಚಂದ್ರನೊಬ್ಬನೇ ಉಳಿದ ವಾರ,
ಬುಧವಾರ

ಪ್ರೀತಿಯ ಮಗಳೇ,

ನಾನೂ ನಿನ್ನ ಸೋದರತ್ತೆಯೂ ಕ್ಷೇಮ. ಅವಳ ಬಾಯಂತೂ ಇನ್ನೂ ಹೆಚ್ಚು ಕ್ಷೇಮ. ನಿನ್ನ ಎರಡು ಕಾಗದಗಳಿಗೂ ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀಯ, ಗೊತ್ತು. ಅಂಚೆಯ ಹದ್ದುಗಳಿಗೆ ಗರಿ ಉದುರುವ ಕಾಲ, ಹಾರುವುದಿಲ್ಲವೆಂದು ಹಟ ಹಿಡಿದು ಕೂತಿದ್ದವು ಎಂದು ನೆಪ ಹೇಳಬಹುದಿತ್ತು. ನನ್ನ ನೆಪ ನಿನ್ನ ಹತ್ತಿರ ಯಾವತ್ತು ನಡೆದಿದೆ? ನಿಜ ಏನೆಂದರೆ, ಬರೆಯಲು ಕೂತಾಗಲೆಲ್ಲ ಕೈ ನಡುಗುತ್ತಿತ್ತು. ಇದನ್ನೂ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೊಂದಿಸಿಕೊಂಡು ಓದು.

ಗರಡಿ ನಡೆಯುತ್ತಿದೆ. ಈ ವರ್ಷ ಸೇರಿದವರಲ್ಲಿ ಒಬ್ಬ ರೆಕ್ಕೆಯವನಿದ್ದಾನೆ. ಹಿಂದೆ ಸರಿ ಎಂದರೆ ಮೇಲೆ ಹೋಗುತ್ತಾನೆ! ಎದುರಿನವನು ಕತ್ತಿ ಎತ್ತಿದ್ದೇ ತಡ, ಮಹಾರಾಯ ಪಾರಿವಾಳದ ಹಾಗೆ ತೊಲೆಯ ಮೇಲೆ. ಕೊನೆಗೆ ಸೊಂಟಕ್ಕೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿದು ಪಾಠ ಶುರುಮಾಡಿದೆ. ಅವನ ತಾಯಿ ಬಂದು ನೋಡಿ, “ಏನ್ ಮೇಷ್ಟ್ರೇ ಇದು, ನನ್ ಮಗನ್ನ ಕರು ಕಟ್ಟಿದ ಹಾಗೆ ಕಟ್ಟಿದ್ದೀರಲ್ಲಾ?” ಎಂದಳು. “ಕರು ಆಗಿದ್ರೆ ನೆಲದ ಮೇಲಾದ್ರೂ ಇರ್ತಿತ್ತಮ್ಮಾ” ಎಂದೆ. ಅವಳಿಗೂ ನಗು ತಡೆಯಲಾಗಲಿಲ್ಲ.

ಇನ್ನೊಬ್ಬಳು ದೈತ್ಯರ ಕೇರಿಯ ಹುಡುಗಿ. ಹಗಲು ಕಲ್ಲು ಕೆತ್ತುವ ಕೆಲಸ, ಬೆಳಿಗ್ಗೆ ಸಂಜೆ ನಮ್ಮಲ್ಲಿ. ಬಾಗಿಲಲ್ಲಿ ಮೈಯನ್ನು ಮೂರು ಮಡಿಕೆ ಮಾಡಿಕೊಂಡು ಒಳಗೆ ಬರುತ್ತಾಳೆ. ಎಲ್ಲರೂ ಅವಳನ್ನು ಬೆಟ್ಟ ಎಂದೇ ಕರೆಯುತ್ತಾರೆ, ಪಾಪ, ಅವಳೂ ಓಗೊಡುತ್ತಾಳೆ. ಮೊದಲ ವಾರ ಮುಟ್ಟಿದ್ದೆಲ್ಲ ಮುರಿಯಿತು. ಮರದ ಕತ್ತಿಗಳು, ಕೂರುವ ಬೆಂಚು, ನಿನ್ನ ಅತ್ತೆಯ ನೀರಿನ ಹೂಜಿ. ಹೂಜಿ ಹೋದ ಮೇಲೆ ನಿನ್ನ ಅತ್ತೆ ಸುಮ್ಮನಿರುವವಳೇ? “ನಿನ್ನ ನೋಡಿದ್ರೇನೇ ಶತ್ರು ಓಡಿಹೋಗ್ತಾನೆ, ನಿನಗ್ಯಾಕಮ್ಮ ಕತ್ತಿ?” ಎಂದು ಕೇಳಿಯೇ ಬಿಟ್ಟಳು. ಹುಡುಗಿ ತಲೆ ತಗ್ಗಿಸಿ, “ಮೆತ್ತಗಿರೋದು ಹೇಗೆ ಅಂತ ಕಲಿಯೋಕೆ ಬಂದೆ ಅಮ್ಮಾ” ಎಂದಿತು. ಅವತ್ತಿನಿಂದ ನಿನ್ನ ಅತ್ತೆಗೆ ಅವಳೆಂದರೆ ಪ್ರಾಣ.

ನಾನೀಗ ಪಾಠ ಹೇಳುವುದು ಬರೀ ಬಾಯಲ್ಲಿ. ನಮ್ಮ ವಿದ್ಯೆಯ ಕಟ್ಟು ನಿನಗೆ ಗೊತ್ತೇ ಇದೆ. ನಿಲುವು, ಹೆಜ್ಜೆ, ಹಿಡಿತ ಇವನ್ನು ಊರಿಗೆಲ್ಲ ಹೇಳಿಕೊಡಬಹುದು. ಆದರೆ ಪಳಗಿದ ವರಸೆಯನ್ನು ಅಂಗೈಗೆ ಅಂಗೈ ಒತ್ತಿ ಒಬ್ಬರಿಗೇ ಕೊಡಬೇಕು. ಕೊಟ್ಟ ಗಳಿಗೆಯಿಂದ ಕೊಟ್ಟವನ ಕೈಗೆ ಅದು ಬರುವುದಿಲ್ಲ. ತಲೆಗೆ ನೆನಪಿರುತ್ತದೆ, ಕೈ ಮಾತ್ರ ಅಪರಿಚಿತನ ಹಾಗೆ ಸುಮ್ಮನಿರುತ್ತದೆ. ಕೊಡದೆ ಕಣ್ಣು ಮುಚ್ಚಿದರೆ ವರಸೆ ನಮ್ಮ ಜೊತೆಗೇ ಮಣ್ಣಾಗುತ್ತದೆ. ಹೀಗೆ ಒಬ್ಬೊಬ್ಬರಿಗೂ ಕೊಟ್ಟು ಕೊಟ್ಟು ನನ್ನಲ್ಲಿ ಒಂದೇ ಒಂದು ಉಳಿದಿತ್ತು. ಹಳೆಯ ಚಾಳಿ ಬಿಡಬೇಕಲ್ಲ? ಹೋದ ತಿಂಗಳು ಹೊಸಬನೊಬ್ಬನಿಗೆ “ಹೊಡಿಯೋ, ತಡೀತೀನಿ” ಎಂದು ಎದೆಯುಬ್ಬಿಸಿ ನಿಂತೆ. ತಡೆಯುವ ವರಸೆಯನ್ನು ಯಾವ ಕಾಲದಲ್ಲೋ ಕೊಟ್ಟಾಗಿದೆ ಎಂಬುದೇ ಮರೆತಿತ್ತು. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತು. ನಿನ್ನ ಅತ್ತೆ ಎಣ್ಣೆ ತಿಕ್ಕುತ್ತಾ, “ವಯಸ್ಸಾದಂಗೆ ಎಲ್ಲರಿಗೂ ಬುದ್ಧಿ ಬರುತ್ತೆ, ನಿನಗೆ ಬುಗುಟು ಬಂತು” ಎಂದಳು.

ಹಣೆ ಉಜ್ಜಿಕೊಳ್ಳುತ್ತಾ ಕೂತಾಗ ನೀನು ನೆನಪಾದೆ. ಅಡುಗೆಮನೆಯಿಂದ ಸೌಟು ಕದ್ದು ತಂದು ಇದೇ ಅಂಗಳದಲ್ಲಿ ನನಗೆ ಎದುರು ನಿಲ್ಲುತ್ತಿದ್ದೆಯಲ್ಲ! ನಿನ್ನ ಅಮ್ಮ ಮೆಟ್ಟಿಲ ಮೇಲೆ ಕೂತು ತೀರ್ಪು ಹೇಳುತ್ತಿದ್ದಳು, ತೀರ್ಪು ಯಾವಾಗಲೂ ನಿನ್ನ ಕಡೆಗೇ. ಇಡೀ ಊರಿಗೆ ಅವಳಂಥ ಕತ್ತಿಯವಳು ಇನ್ನೊಬ್ಬಳಿರಲಿಲ್ಲ, ತೀರ್ಪು ಹೇಳುವಾಗ ಮಾತ್ರ ಅಪ್ಪಟ ಮೋಸಗಾತಿ. ನಿನ್ನದು ಅವಳದೇ ಮಣಿಕಟ್ಟು. ಆದರೂ ವಯಸ್ಸಿಗೆ ಬಂದ ಮೇಲೆ ನಾನು ಅಂಗೈ ಚಾಚಿದರೆ ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. “ನಿನ್ನ ಕೈ ಬರಿದು ಮಾಡಿ ನನ್ನ ಕೈ ತುಂಬಿಸ್ಕೊಳ್ಳಲ್ಲ ಅಪ್ಪಾ” ಎಂದೆ. ಆಮೇಲೆ ಬಂದರಿಗೆ ಹೋಗಿ ಗಾಳಿದೋಣಿಗಳಿಗೆ ಹಾಯಿ ಹೊಲಿಯುವವಳಾದೆ. ಉಳಿದ ಆ ಒಂದು ವರಸೆಯನ್ನಾದರೂ ತೆಗೆದುಕೋ ಎಂದು ವರ್ಷವರ್ಷವೂ ಬರೆದೆ. “ಇರಲಿ ಬಿಡಪ್ಪಾ, ನಿನ್ನ ಹತ್ತಿರವೇ ಚೆನ್ನಾಗಿದೆ” ಎಂದು ನೀನೂ ವರ್ಷವರ್ಷವೂ ಬರೆದೆ. ಹಿಂದಿನ ಕಾಗದದಲ್ಲೂ ಅದೇ ಮಾತು. ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ, ನನ್ನ ಮೇಲಿನ ಪ್ರೀತಿಗೇ ಹಾಗೆ ಹೇಳುತ್ತೀಯ.

ಆದರೆ ಈ ನಡುಕ ಇದೆಯಲ್ಲ, ಅದು ಯಾರ ಮಾತೂ ಕೇಳುವುದಿಲ್ಲ. ನಡುಗುವ ಕೈಯಿಂದ ಕೊಟ್ಟರೆ ವರಸೆಯ ಜೊತೆ ನಡುಕವೂ ಹೋಗುತ್ತದೆ, ತೆಗೆದುಕೊಂಡವರ ಬದುಕೇ ಹಾಳು. ವೈದ್ಯರು ನಾಡಿ ಹಿಡಿದು ನೋಡಿ, “ಬೆಳಗಿನ ಹೊತ್ತು ಕೈ ಇನ್ನೂ ಸ್ಥಿರವಾಗಿದೆ ಮೇಷ್ಟ್ರೇ. ಕೊಡೋದಿದ್ರೆ ಈಗಲೇ ಕೊಟ್ಬಿಡಿ” ಎಂದರು. ನಿನ್ನ ದಾರಿ ಕಾಯುವಷ್ಟು ಕಾಲ ನನ್ನಲ್ಲಿರಲಿಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ಬೆಟ್ಟವನ್ನು ಕರೆದು “ಅಂಗೈ ಕೊಡಮ್ಮಾ” ಎಂದೆ. ಅವಳ ಮುಖ ಬಿಳುಚಿತು. “ಬೇಡ ಮೇಷ್ಟ್ರೇ, ನಾನು ಮುರಿದುಹಾಕಿಬಿಡ್ತೀನಿ.” “ಮುರಿಯೋಕೆ ಇದೇನು ಹೂಜಿನೇನೇ?” ಎಂದು ಗದರಿದೆ. ಅವಳ ಅಂಗೈಯಲ್ಲಿ ನನ್ನ ಕೈ ಮೊರದ ಮೇಲಿನ ಕಾಳಿನ ಹಾಗಿತ್ತು. ಒತ್ತಿದೆ. ಅಷ್ಟೇ, ಆಯಿತು. ಹುಡುಗಿ ಕತ್ತಿ ಹಿಡಿದು ನಿಂತಳು, ಒಮ್ಮೆ ತಿರುಗಿದಳು ನೋಡು! ಅಷ್ಟು ದೊಡ್ಡ ದೇಹ, ಅಂಗಳದ ಧೂಳು ಏಳಲಿಲ್ಲ. ರೆಕ್ಕೆಯವನು ತೊಲೆಯಿಂದ ತಾನಾಗಿಯೇ ಕೆಳಗಿಳಿದು ಬಾಯಿ ಬಿಟ್ಟುಕೊಂಡು ನಿಂತ. ನಿನ್ನ ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಳ್ಳೆಯ ಕೈ ಸೇರಿದೆ, ಆ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ನೀನೂ ಬೇಸರ ಮಾಡಿಕೊಳ್ಳಬೇಡ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಪುಟ್ಟಿಗೆ ಕೆನ್ನೆ ಚಿವುಟಿ ಒಂದು ಮುತ್ತು ಕೊಡು, ಅತ್ತರೆ ಅಜ್ಜ ಕೊಟ್ಟದ್ದು ಎಂದು ಹೇಳು. ನೀನು ಹೊಲಿದ ಹಾಯಿ ಎಂಥ ಗಾಳಿಯಲ್ಲೂ ಹರಿಯದಿರಲಿ, ನಿನ್ನ ಕೈ ಸದಾ ತುಂಬಿರಲಿ.

ಇಂತಿ,
ನಿನ್ನ ಅಪ್ಪ

ಮತ್ತೊಂದು ಮಾತು: ಕಾಗದ ಮಡಿಸಿದ್ದೆ, ಮನಸ್ಸು ತಡೆಯದೆ ಮತ್ತೆ ಬಿಚ್ಚಿದೆ. ನನ್ನಲ್ಲಿ ಉಳಿದದ್ದು ಯಾವ ವರಸೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನಿನ್ನ ಅಮ್ಮನದು. ಅವಳ ಜೊತೆಗೇ ಹೋಯಿತೆಂದು ನೀನು ತಿಳಿದಿದ್ದೀಯಲ್ಲ, ಆ ಸುಳಿ ವರಸೆ. ಅವಳು ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ, ನೀನು ಔಷಧಿ ತರಲು ಹೋಗಿದ್ದೆ, ನನ್ನ ಕೈಯನ್ನು ಎಳೆದುಕೊಂಡು ಒತ್ತಿಬಿಟ್ಟಳು. “ನಿಮಗೆ ಒಂಟಿ ಅನ್ನಿಸಬಾರದು” ಎಂದಳು. ಅವಳು ಹೋದಾಗ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ನೀನು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ. ಯಾಕೆ ಅಳಲಿ ಮಗಳೇ? ನೀವೆಲ್ಲ ಏಳುವ ಮೊದಲೇ ಅವಳು ದಿನಾ ಅಂಗಳಕ್ಕೆ ಬರುತ್ತಿದ್ದಳು. ಆ ವರಸೆ ಹಾಕುವಾಗ ನನ್ನ ಸೊಂಟ ಅವಳ ಹಾಗೇ ತಿರುಗುತ್ತಿತ್ತು, ನನ್ನ ಉಸಿರು ಅವಳ ಹಾಗೇ ನಿಲ್ಲುತ್ತಿತ್ತು. ಶನಿವಾರ ಬೆಳಿಗ್ಗೆ ಕತ್ತಿ ಹಿಡಿದು ನಿಂತೆ. ಅಂಗಳದಲ್ಲಿ ನಾನೊಬ್ಬನೇ ಇದ್ದೆ. ನೀನು ಅವತ್ತೇ ಅತ್ತು ಹಗುರಾದೆ. ನನ್ನ ಪಾಲಿಗೆ ನಿನ್ನ ಅಮ್ಮ ಹೋದದ್ದು ಮೊನ್ನೆ ಶುಕ್ರವಾರ. ಅಳು ನಿಲ್ಲುತ್ತಿಲ್ಲ ಕಣಮ್ಮಾ. ಆಗುವುದಾದರೆ ಒಮ್ಮೆ ಬಂದು ಹೋಗು.