ಹುಲ್ಲು ಕತ್ತರಿಸುವ ಗಾಡಿಯ ಕೇಸು

ಆರ್ಲೀನ್,

ಹೆದರಬೇಡ, ನನ್ನನ್ನು ಬಿಟ್ಟು ನೀನು ಹೋಗಿ ಕೂತಿರುವ ನಿನ್ನ ತಂಗಿಯ ಮನೆಗೆ ಇದನ್ನು ಕಳಿಸುವುದಿಲ್ಲ. ಇವತ್ತು ಇಡೀ ವಿಸ್ಕಾನ್ಸಿನ್ ರಾಜ್ಯ ನನ್ನೊಬ್ಬನ ವಿರುದ್ಧ ಕೋರ್ಟಿಗೆ ಬಂದಿತ್ತು. ಶುಕ್ರವಾರ ಬಾರಿನ ಮೀನೂಟಕ್ಕೆ ಹೋಗಿ, ಬ್ರಾಂಡಿ ಕುಡಿದು, ನಮ್ಮ ಅಂಗಳದ ಹುಲ್ಲು ಕತ್ತರಿಸುವ ಮೋಟಾರು ಗಾಡಿಯ ಮೇಲೆ ಕೂತು, ಅದನ್ನೇ ಓಡಿಸಿಕೊಂಡು ಮನೆಗೆ ಬರುತ್ತಿದ್ದೆ. ಪೊಲೀಸರು ಹಿಡಿದರು. ಆಮೆಗಿಂತ ನಿಧಾನವಾಗಿ ಹೋಗುತ್ತಿದ್ದವನನ್ನು!

"ತಪ್ಪಾಯ್ತು ಅಂದ್ಬಿಡಿ ಆರ್ವಿಲ್ ಅಂಕಲ್, ಶಿಕ್ಷೆ ಕಮ್ಮಿ ಆಗುತ್ತೆ," ಎಂದಳು ನನ್ನ ವಕೀಲೆ ಇನ್‌ಗ್ರಿಡ್. ಅದು ನನ್ನ ಬಾಯಲ್ಲಿ ಬರುವ ಮಾತಲ್ಲ, ನಿನಗೆ ಗೊತ್ತಲ್ಲ.

"ರಸ್ತೆಗೆ ಇಳಿದ್ಮೇಲೆ ಅದೂ ವಾಹನಾನೇ ಕಣ್ರೀ," ಎಂದರು ಜಡ್ಜ್. "ಮನೇಲಿ ಕಾರಿರೋವಾಗ ಇದನ್ಯಾಕೆ ಹತ್ತಿದ್ರಿ?"

"ಇನ್ನು ಕಾರು ಓಡಿಸಲ್ಲ ಅಂತ ಆಸ್ಪತ್ರೇಲಿ ಹೆಂಡತಿಗೆ ಮಾತು ಕೊಟ್ಟಿದ್ದೀನಿ ಸ್ವಾಮಿ. ಓಡಿಸಿಲ್ಲ."

ಹಿಂದೆ ಕೂತವರೆಲ್ಲ ನಕ್ಕರು. ದಂಡವೂ ಬಿತ್ತು, ಗಾಡಿಯೂ ಹೋಯಿತು. ಹೋಗಲಿ. ಬರುವ ಶುಕ್ರವಾರ ನಡೆದುಕೊಂಡೇ ಹೋಗುತ್ತೇನೆ, ಕಾಲಿಗೂ ಲೈಸೆನ್ಸ್ ಕೇಳಲಿ ನೋಡೋಣ. ಮಾತಿಗೆ ತಪ್ಪಿದೆ ಎಂದು ಮಾತ್ರ ನೀನು ನನ್ನನ್ನು ಅನ್ನುವಂತಿಲ್ಲ.

ಕಾರು ಗ್ಯಾರೇಜಿನಲ್ಲೇ ಇದೆ. ಕಾರು ಗುದ್ದಿದ ಆ ದಿನ ನೀನು ಕೂತಿದ್ದ ಬದಿಯ ಬಾಗಿಲು ಇನ್ನೂ ತೆರೆಯುವುದಿಲ್ಲ.

ಆರ್ವಿಲ್