ಮೆಟ್ಟಿಲು ತೊಳೆಯುವ ಸರದಿ

ಡಂಕ್ರೇಗ್ ವಸತಿ, ಗ್ಲಾಸ್ಗೋ
ಗುರುವಾರ, ೮ ಮಾರ್ಚ್ ೧೯೮೪

ಪ್ರೀತಿಯ ಆರ್ಚಿ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನಾನು ಹೆಣೆದು ಕಳಿಸಿದ ಉಣ್ಣೆಯ ಅಂಗಿ ಹಾಕಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯ ತಳದಲ್ಲಿ ಮಲಗಿಸಿದ್ದೀಯೋ? ನಡುಸಮುದ್ರದಲ್ಲಿ ತೈಲ ತೆಗೆಯುವ ಆ ಕಬ್ಬಿಣದ ಅಟ್ಟದ ಮೇಲೆ ಗಾಳಿ ಹೇಗೆ ಬೀಸುತ್ತದೆಂದು ನೀನು ಬರೆಯುವುದಿಲ್ಲ, ಆದರೆ ಟಿವಿಯಲ್ಲಿ ಹವಾಮಾನ ಹೇಳುವಾಗ ಕರ್ಸ್ಟಿ ಊಟ ಬಿಟ್ಟು ಕೇಳುತ್ತಾಳೆ. ಅವಳ ಮುಂದಿನ ಹಲ್ಲು ಬಿದ್ದಿದೆ. ಅಪ್ಪ ನೋಡುವವರೆಗೆ ಹೊಸದು ಬರಕೂಡದು ಎಂದು ಹಲ್ಲಿಗೇ ಅಪ್ಪಣೆ ಮಾಡಿದ್ದಾಳೆ ನಿನ್ನ ಮಗಳು. ನಾವು ಚೆನ್ನಾಗಿದ್ದೇವೆ ಎಂದು ಬರೆದು ಮುಗಿಸಬೇಕೆಂದಿದ್ದೆ. ಆಗುತ್ತಿಲ್ಲ ಆರ್ಚಿ, ನನಗೆ ಹೆದರಿಕೆಯಾಗುತ್ತಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಿಂದೆ ಸಾಲು ನಿಂತವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಾರೆ, ಅದಕ್ಕೇ ಕಾಗದ.

ವಿಷಯ ಮೇಲಿನ ಮನೆಯ ಡೊನಾಕಿಯದೇ. ಇನ್ಯಾರದು? ನೀನು ಹೋದಮೇಲೆ ಅವನಿಗೆ ಹಬ್ಬ. ಬೆಳಗಾದರೆ ನಾಯಿ, ಮಧ್ಯಾಹ್ನ ಮೋಟರ್‌ಬೈಕಿನ ಎಂಜಿನ್ನನ್ನು ಮನೆಯೊಳಗೇ ಇಟ್ಟುಕೊಂಡು ಗರ್ರೆನಿಸುವುದು, ಸಂಜೆ ಹಾಡು. ಚಾವಣಿಯ ಸುಣ್ಣ ನನ್ನ ಸೂಪಿನ ಪಾತ್ರೆಗೆ ಉದುರುತ್ತದೆ. ಮೆಟ್ಟಿಲ ತುಂಬ ಅವನು ಚೆಲ್ಲಿದ ಎಣ್ಣೆಯಲ್ಲಿ ಎದುರು ಮನೆಯ ಗೆಮೆಲ್ ಅಜ್ಜಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು. ಆದರೂ ಬಾಯಿ ಮಾತ್ರ ಗಟ್ಟಿ. "ಏ ಹುಡ್ಗೀ, ಯುದ್ಧದಲ್ಲಿ ಬಾಂಬಿಗೇ ಹೆದರದೋಳು ನಾನು, ಈ ಬೋಳುತಲೆಯೋನಿಗೆ ಹೆದರ್ತೀನಾ?" ಅನ್ನುತ್ತಾಳೆ. ಹಾಗಂದು ಒಳಗೆ ಹೋಗಿ ಬಾಗಿಲಿಗೆ ಕುರ್ಚಿ ಆನಿಸುತ್ತಾಳೆ. ಆ ಕುರ್ಚಿ ಎಳೆಯುವ ಸದ್ದು ನನಗೆ ಕೇಳಿಸುತ್ತದೆ.

ಹೋದ ವಾರ ಮೆಟ್ಟಿಲಲ್ಲಿ ಅವನು ಎದುರಾದ. ಪಕ್ಕಕ್ಕೆ ಸರಿಯಲಿಲ್ಲ. "ಏನಮ್ಮಾ ರೋನಾ, ಗಂಡ ಸಮುದ್ರದಲ್ಲಿ, ನೀನು ಒಬ್ಳೇ ಮಲ್ಕೊಂಡು ನನ್ ಹೆಜ್ಜೆ ಎಣಿಸ್ತಿರ್ತೀಯಾ?" ಎಂದು ನಕ್ಕ. ಕರ್ಸ್ಟಿ ನನ್ನ ಕೋಟಿನ ಒಳಗೆ ಮುಖ ಹುದುಗಿಸಿದಳು. ಇದನ್ನು ಓದಿ ನಿನಗೆ ರಕ್ತ ಕುದಿಯುತ್ತದೆಂದು ಗೊತ್ತು, ಮೂಗಿನ ತುದಿಯಲ್ಲೇ ಕೋಪ ನಿನಗೆ. ಆದರೆ ನೀನು ಬರಬೇಡ. ಕಳೆದ ರಜೆಯಲ್ಲಿ ಅವನ ಕೊರಳಪಟ್ಟಿ ಹಿಡಿದಾಗ ಪೊಲೀಸರು ಏನೆಂದರು, ನೆನಪಿದೆಯಲ್ಲ? ಇನ್ನೊಮ್ಮೆ ಕೈ ಎತ್ತಿದರೆ ಒಳಗೆ ಹಾಕುತ್ತಾರೆ, ಈ ಕೆಲಸವೂ ಹೋಗುತ್ತದೆ. ಆಮೇಲೆ ನಾನು ಮಗು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಅದಕ್ಕೇ ನಾವೆಲ್ಲ ಸೇರಿ, ಈ ಮನೆಗಳನ್ನು ಬಾಡಿಗೆಗೆ ಕೊಟ್ಟ ನಗರದ ಕೌನ್ಸಿಲ್‌ಗೆ ಹೇಳಿಕಳಿಸಿದೆವು. ವಸತಿ ಕಚೇರಿಯಿಂದ ಮಿಸ್ ಲೋರಿಮರ್ ಎಂಬಾಕೆ ಬಂದು ಅಜ್ಜಿಯ ಮನೆಯಲ್ಲಿ ಚಹಾ ಕುಡಿದಳು. ಹೆಸರು ಕೊಟ್ಟು ದೂರು ಹೇಳುವವರು ಯಾರು ಎಂದಳು. ಕೆಳಮನೆಯವರು ಬಿಸ್ಕತ್ತು ನೋಡಿದರು, ನಾನು ಕಿಟಕಿ ನೋಡಿದೆ. "ಹೆಸರೇ ಇಲ್ದೆ ನಾನ್ ಹೋಗಿ ಏನಂತ ಕೇಳ್ಲಿ ಅವನ್ನ? ಹೋಗ್ಲಿ, ಮೆಟ್ಟಿಲು ತೊಳೆಯೋ ಸರದಿಯಾದ್ರೂ ಮಾಡ್ತಾನಾ?" ಅಂದಳು. ಅವನು ಮಾಡುವುದಿಲ್ಲ ನಿಜ, ಆದರೆ ಮಾಡು ಎಂದು ಹೇಳಿದವರಾದರೂ ಯಾರು? ಅವನು ಬಂದಂದಿನಿಂದ 'ಮೆಟ್ಟಿಲು ತೊಳೆಯುವ ಸರದಿ ನಿಮ್ಮದು' ಎಂದು ಬರೆದ ರಟ್ಟು ಅವನನ್ನು ಬಿಟ್ಟು ನಮ್ಮ ಬಾಗಿಲಿನಿಂದ ಸೀದಾ ಕೆಳಮನೆಗೆ ಇಳಿಯುತ್ತದೆ. ಅವನ ಬಾಗಿಲಿಗೆ ಅದನ್ನು ನೇತುಹಾಕುವ ಧೈರ್ಯ ಯಾರಿಗೂ ಬಂದಿಲ್ಲ. ಅವನ ಪಾಲನ್ನು ನಾವೇ ತೊಳೆದು ತೊಳೆದು ಅವನನ್ನು ಸಾಹುಕಾರ ಮಾಡಿದೆವು. ಮೊದಲು ರಟ್ಟು ಹಾಕಿ, ಆಮೇಲೂ ತೊಳೆಯದಿದ್ದರೆ ಯಾರ ಹೆಸರೂ ಇಲ್ಲದೆ ನೋಟಿಸು ಕೊಡಬಹುದು, ಬಾಡಿಗೆ ಕರಾರಿನಲ್ಲೇ ಅದಿದೆ ಎಂದಳು ಆಕೆ. ಎಲ್ಲರಿಗೂ ಸಮಾಧಾನವಾಯಿತು, ನನ್ನೊಬ್ಬಳನ್ನು ಬಿಟ್ಟು. ಅವನಿಗಿಂತ ಮುಂಚಿನ ಸರದಿ ನಮ್ಮದಲ್ಲವೇ? ತೊಳೆದಾದ ಮೇಲೆ ಅವನ ಬಾಗಿಲಿಗೆ ರಟ್ಟು ಹಾಕಬೇಕಾದವಳು ನಾನೇ.

ನಿನ್ನೆ ಬೇಕರಿಯ ಕೆಲಸ ಮುಗಿಸಿ ಬಂದು ಮೆಟ್ಟಿಲು ತೊಳೆದೆ. ಅಮ್ಮ ಕಲಿಸಿದಂತೆ ಅಂಚಿಗೆ ಬಿಳಿ ಸುಣ್ಣದ ಗೆರೆಯನ್ನೂ ಎಳೆದೆ, ಹೊತ್ತು ಕಳೆಯಲಿ ಎಂದು. ಕೊನೆಗೆ ರಟ್ಟು ಹಿಡಿದು ಮೇಲೆ ಹತ್ತಿದೆ. ಅವನ ಬಾಗಿಲ ಹಿಡಿಕೆಗೆ ದಾರ ಸಿಕ್ಕಿಸುವಾಗ ಒಳಗಿನಿಂದ ನಾಯಿ ಬಾಗಿಲಿಗೆ ಎಗರಿತು. ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿಬಂದೆ. ಇನ್ನೂ ಅಲ್ಲೇ ಇದೆ, ಹೋಗಿ ತರುವವಳು ನಾನಲ್ಲ.

ಆಮೇಲಿನಿಂದ ಮೇಲೆ ಸದ್ದೇ ಇಲ್ಲ ಆರ್ಚಿ. ಹಾಡಿಲ್ಲ, ಎಂಜಿನ್ನಿಲ್ಲ, ನಾಯಿ ಕೂಡ ಬೊಗಳುತ್ತಿಲ್ಲ. ಇಷ್ಟು ದಿನ ದೇವರಲ್ಲಿ ಬೇಡಿಕೊಂಡ ಮೌನ ಇದೇ, ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವನು ಗಲಾಟೆ ಮಾಡುವಾಗ ಎಲ್ಲಿದ್ದಾನೆಂದಾದರೂ ಗೊತ್ತಾಗುತ್ತಿತ್ತು.

ಅಂದಹಾಗೆ, ನಮ್ಮ ಬಾಗಿಲಿನ ಟಪಾಲು ಕಿಂಡಿಯ ಒಳಗೆ ದಾರಕ್ಕೆ ಕಟ್ಟಿದ ಬೀಗದ ಕೈ ತೆಗೆ ಎಂದಿದ್ದೆಯಲ್ಲ, ತೆಗೆದಿಲ್ಲ, ಬೈಯಬೇಡ. ನಾನು ಬೇಕರಿಯಲ್ಲಿರುವಾಗ ಕರ್ಸ್ಟಿ ಶಾಲೆಯಿಂದ ಬಂದರೆ ಕಿಂಡಿಯಲ್ಲಿ ಕೈ ಹಾಕಿ, ದಾರ ಎಳೆದು, ಬೀಗ ತೆಗೆದುಕೊಳ್ಳಬೇಕಲ್ಲ? ಇಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳು. ಕದಿಯುವುದಕ್ಕಾದರೂ ಏನಿದೆ, ಟಿವಿಯೇ ಬಾಡಿಗೆಯದು.

ಕರ್ಸ್ಟಿ ಒಂದು ಮುತ್ತು ಕಳಿಸಿದ್ದಾಳೆ, ಗೆಮೆಲ್ ಅಜ್ಜಿ ಒಂದು ಬೈಗುಳ, ಎರಡನ್ನೂ ಪ್ರೀತಿಯಿಂದ ತೆಗೆದುಕೋ. ನಿನ್ನ ಕಾಲಡಿಯ ಕಬ್ಬಿಣವನ್ನು ದೇವರು ಗಟ್ಟಿಯಾಗಿಟ್ಟಿರಲಿ.

ನಿನ್ನವಳೇ,
ರೋನಾ

ಮರೆತ ಮಾತಲ್ಲ, ಈಗ ಆದದ್ದು: ಅಂಚೆಚೀಟಿ ತರಲು ಕರ್ಸ್ಟಿಯನ್ನು ಕರೆದುಕೊಂಡು ಮೂಲೆಯಂಗಡಿಗೆ ಹೋಗಿದ್ದೆ. ವಾಪಸು ಬಂದರೆ ಮೆಟ್ಟಿಲೆಲ್ಲ ಒದ್ದೆ, ಮೇಲಿನಿಂದ ಕೆಳಗಿನವರೆಗೆ ಫಿನಾಯಿಲ್ ವಾಸನೆ. ತೊಳೆದಿದ್ದಾನೆ! ಅಜ್ಜಿಯ ಬಾಗಿಲು ತಟ್ಟಿ ಹೇಳಿದೆ, ಇಬ್ಬರೂ ನಕ್ಕೆವು. ರಟ್ಟು ಕೆಳಮನೆಯವರ ಬಾಗಿಲಲ್ಲಿ ಇರಬೇಕಿತ್ತು, ಇರಲಿಲ್ಲ. ನಮ್ಮ ಮನೆಯ ಬೀಗ ತೆಗೆದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ರಟ್ಟು ನಮ್ಮ ಬಾಗಿಲಲ್ಲೇ ಇತ್ತು ಆರ್ಚಿ, ಒಳಗಿನ ಹಿಡಿಕೆಯಲ್ಲಿ. ಅದರ ಕೆಳಗೆ ನನ್ನ ಚಪ್ಪಲಿ, ಒರೆಸಿ ಇಟ್ಟಿದ್ದ. ಬೇರೇನೂ ಮುಟ್ಟಿಲ್ಲ. ಕಿಂಡಿಯ ಆ ದಾರ ಕತ್ತರಿಸಿ ಬೀಗದ ಕೈಯನ್ನು ತೆಗೆದುಕೊಂಡೆ. ರಸ್ತೆಯ ಫೋನಿನಿಂದ ಮಿಸ್ ಲೋರಿಮರ್‌ಗೆ ನನ್ನ ಹೆಸರು ಕೊಟ್ಟೆ, ಪೂರ್ತಿ ಹೆಸರು. ಈಗ ಅಜ್ಜಿಯ ಮನೆಯಲ್ಲಿದ್ದೇವೆ, ಕುರ್ಚಿ ಆನಿಸಿಕೊಂಡು. ಬರಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕು. ಬಾ. ಅವನ ಮೇಲೆ ಕೈ ಮಾಡಬೇಡ, ಸುಮ್ಮನೆ ನಮ್ಮ ಹತ್ತಿರ ಬಾ. ಎದುರು ಮನೆಯ ಬಾಗಿಲು ತಟ್ಟು. ತಟ್ಟುವಾಗ ನಿನ್ನ ಹೆಸರು ಕೂಗಿ ಹೇಳು, ಇಲ್ಲದಿದ್ದರೆ ನಾವು ತೆಗೆಯುವುದಿಲ್ಲ.